ಕಾಕಾನ ಜಿನ್ನು, ನಮ್ಮ ಗಿಡದ ನಿಂಬೆ

ಗೋಕಾಕದ ಸಂತೆಯಿಂದ ಉಪ್ಪಿನಕಾಯಿಗೆಂದು ತಂದ ನಿಂಬೆಗೆ ನಿನ್ನೆ ಉಗುರು ತಾಗಿತು. ಹಸಿರು ಸಿಪ್ಪೆಯ ಆ ವಾಸನೆಗೆ ಹಿಡಕಲ್ ಡ್ಯಾಮಿನ ಕ್ವಾರ್ಟರ್ಸು, ಬಾಜೂ ಮನೆಯ ಕಾಕಾ, ಎಲ್ಲ ಒಮ್ಮೆಲೇ ನೆನಪಾಯಿತು. ಹೇಳಿಕೊಳ್ಳೋಣವೆಂದರೆ ಈ ಮನೆಯಲ್ಲಿ ನಾನೊಬ್ಬನೇ.

ಕಾಕಾ ಡ್ಯಾಮಿನ ನೀರಿನ ಮಟ್ಟ ನೋಡಿ ಬರೆಯುವ ಕೆಲಸದವರು, ನಾನು ಹೊಸದಾಗಿ ಬಂದ ಇಂಜಿನಿಯರ್. ಹೆಂಡತಿ ತೀರಿಕೊಂಡು ಅವರೂ ಒಬ್ಬರೇ. ರವಿವಾರ ಸಂಜೆ ಅವರಿಗೊಂದು ಗ್ಲಾಸು ಜಿನ್ನು ಬೇಕು, ಅದೂ ಹೇಗೆಂದರೆ ಹಾಗಲ್ಲ. ಹಿಂದಿನ ದಿನವೇ ನಿಂಬೆಯ ಹಸಿರಷ್ಟನ್ನೇ ಹೆರೆದು ಸಕ್ಕರೆಯಲ್ಲಿ ತಿಕ್ಕಿಡುವುದು, ಮರುದಿನ ರಸ ಹಿಂಡಿ ಕರಗಿಸಿ ಸೋಸುವುದು. ಎರಡು ಪಾಲು ಜಿನ್ನು, ಒಂದು ಪಾಲು ಆ ಪಾಕ, ಮೇಲೆ ಐಸು. ಎಲ್ಲವನ್ನೂ ಉಪ್ಪಿನಕಾಯಿ ಬಾಟಲಿಗೆ ಹಾಕಿ ಗಾಜು ಬೆವರುವವರೆಗೆ ಅಲುಗಾಡಿಸುತ್ತಿದ್ದರು. ನೀರಿನ ಮಟ್ಟ ನೋಡಿ ಪಳಗಿದ ಕಣ್ಣು, ಒಂದು ಹನಿ ಹೆಚ್ಚುಕಡಿಮೆಯಾಗುತ್ತಿರಲಿಲ್ಲ.

ನಿಂಬೆ ನನ್ನ ಅಂಗಳದ ಗಿಡದ್ದು. ಕಂಪೌಂಡಿನ ಮೇಲಿಂದ ನಾನೇ ಕೊಡುತ್ತಿದ್ದೆ. ಕೊಡುವುದಕ್ಕೆ ನಮ್ಮಲ್ಲಿ ಅಡ್ಡಿಯಿರಲಿಲ್ಲ, ತೆಗೆದುಕೊಳ್ಳುವುದಕ್ಕಿತ್ತು... ಅವರ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅವರ ಮನೆಯ ನೀರೂ ಮುಟ್ಟಬೇಡವೆಂದು ನಮ್ಮೂರು ಮಮದಾಪುರದಿಂದ ಬಂದಾಗಲೆಲ್ಲ ಅವ್ವ ಹೇಳಿ ಹೋಗುತ್ತಿದ್ದಳು. ಓದಿದವನು ನಾನು, ಹಾಗೆ ಬಾಯಿಬಿಟ್ಟು ಹೇಳುತ್ತೇನೆಯೇ? ಕಾಕಾ ಕರೆದಾಗಲೆಲ್ಲ ಶ್ರಾವಣ ಅಂದೆ, ಗಣಪತಿ ಕೂತಿದ್ದಾನೆ ಅಂದೆ, ನವರಾತ್ರಿ ಅಂದೆ. ಅದೇ ಶ್ರಾವಣದಲ್ಲಿ ನಾನು ಹುಕ್ಕೇರಿಯ ಗೆಳೆಯರ ಜೊತೆ ಬಿಯರು ಕುಡಿದು ಬಂದದ್ದು ಅವರಿಗೆ ಗೊತ್ತಿತ್ತು. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕಾಕಾ ನಿವೃತ್ತರಾಗಿ ತಮ್ಮೂರು ಮೇಲವಂಕಿಗೆ ಹೊರಡುವ ಮುಂಚಿನ ರವಿವಾರ ಎರಡು ಗ್ಲಾಸು ಹಿಡಿದು ಕಂಪೌಂಡಿನ ಹತ್ತಿರ ಬಂದರು. ಅಂದು ಯಾವ ಹಬ್ಬವೂ ಇರಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದೆ. ಕಾಕಾ ಸಿಟ್ಟಾಗಲಿಲ್ಲ.

“ನಿಂಬಿಹಣ್ಣು ನಿಮ್ಮ ಗಿಡದ್ದ ಐತ್ರಿ ಸಾಹೇಬ್ರ. ಗ್ಲಾಸ್ ಅಷ್ಟ ನಂದು,” ಅಂದರು.

ಅವರು ಎರಡೂ ಗ್ಲಾಸುಗಳನ್ನು ಒಳಗೆ ಒಯ್ದರು. ಮರುವರ್ಷ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೂ ನಾನು ಹೋಗಲಿಲ್ಲ.

ನಿನ್ನೆ ಉಪ್ಪಿನಕಾಯಿ ಬಿಟ್ಟು ಸಿಪ್ಪೆ ಹೆರೆದು ಸಕ್ಕರೆಯಲ್ಲಿ ತಿಕ್ಕಿಟ್ಟೆ. ಇವತ್ತು ಅವರು ಮಾಡುತ್ತಿದ್ದಂತೆಯೇ ಎಲ್ಲ ಮಾಡಿದೆ. ಬಾಟಲಿ ಬೆವರಿತು. ಕಂಪೌಂಡಿನಾಚೆಯಿಂದ ಎಷ್ಟು ಸಲ ನೋಡಿದ್ದೇನೆ, ಅಳತೆ ತಪ್ಪಿರಲಿಕ್ಕಿಲ್ಲ. ಕುಡಿದೆ. ಹುಳಿ, ಸಿಹಿ, ಕೊನೆಗೆ ತುಸು ಕಹಿ... ಕಾಕಾ ಮಾಡಿದ್ದರ ಹಾಗೆ ಬಂದಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಅವರದನ್ನು ನಾನು ಒಮ್ಮೆಯೂ ಕುಡಿದಿರಲಿಲ್ಲ.