ಅಪ್ಪ ಮನೆಯಲ್ಲಿ: ಹೌದು ಅಥವಾ ಇಲ್ಲ

ಕಂಪ್ಯೂಟರ್ ಕೋಡಿನಲ್ಲಿ ಹೆಸರು ಸರಿಯಿಲ್ಲದಿದ್ದರೆ ನನಗೆ ತಲೆ ಕೆಡುತ್ತದೆ. ಬೂಲಿಯನ್ ಎಂದರೆ ಹೌದು ಅಥವಾ ಇಲ್ಲ, ಎರಡೇ ಉತ್ತರ. ಹಾಗಾಗಿ ಅದರ ಹೆಸರೂ ಪ್ರಶ್ನೆಯಂತಿರಬೇಕು, ಇಂಗ್ಲಿಷಿನ 'ಈಸ್' ಎಂದೋ 'ಹ್ಯಾಸ್' ಎಂದೋ ಶುರುವಾಗಬೇಕು. ಆಫೀಸಿನ ಹುಡುಗರು ಇದಕ್ಕಾಗಿ ನನ್ನನ್ನು ಬೆನ್ನ ಹಿಂದೆ ಮೇಷ್ಟ್ರು ಎನ್ನುತ್ತಾರೆ. ಅನ್ನಲಿ.

ನನ್ನ ಕೆಲಸ ಆಸ್ಟಿನ್ ಹತ್ತಿರದ ಊರಾದ ಟೇಲರ್‌ಗೆ ಬದಲಾದಾಗ ಹೆಂಡತಿ ಮತ್ತು ಹನ್ನೆರಡು ವರ್ಷದ ಮಗಳು ಮೂರು ಗಂಟೆ ದಾರಿಯಾಚೆ ಪ್ಲೇನೋದ ಮನೆಯಲ್ಲೇ ಉಳಿದರು. ಮಗಳ ಶಾಲೆ ಬಿಡಿಸುವಂತಿರಲಿಲ್ಲ. ಶುಕ್ರವಾರ ಸಂಜೆ ಡ್ರೈವ್ ಮಾಡಿಕೊಂಡು ಮನೆಗೆ ಬಂದರೆ ಸೋಮವಾರ ಅವಳು ಏಳುವ ಮೊದಲೇ ಹೊರಡುತ್ತಿದ್ದೆ.

ಒಂದು ಶನಿವಾರ ಮಗಳು ತಾನೇ ಬರೆದ ಪುಟ್ಟ ಪ್ರೋಗ್ರಾಂ ತೋರಿಸಿದಳು. ಫ್ರಿಜ್ ಪಕ್ಕದ ಹಳೇ ಟ್ಯಾಬ್ಲೆಟ್‌ನಲ್ಲಿ ನಮ್ಮ ಮೂವರ ಹೆಸರು. ಮನೆಯಲ್ಲಿದ್ದವರ ಮುಂದೆ ಹಸಿರು ಚುಕ್ಕೆ, ಇಲ್ಲದವರ ಮುಂದೆ ಕೆಂಪು. ಶಭಾಷ್ ಅನ್ನುವುದು ಬಿಟ್ಟು ನಾನು ಕೋಡ್ ತೆರೆದೆ. ಮನೆಯಲ್ಲಿದ್ದಾರೋ ಇಲ್ಲವೋ ಎನ್ನುವ ಬೂಲಿಯನ್ನಿಗೆ ಬರೀ 'ಹೋಮ್' ಎಂದು ಹೆಸರಿಟ್ಟಿದ್ದಳು.

"ಹಂಗಲ್ಲವ್ವಾ, 'ಈಸ್‌ಹೋಮ್' ಅನ್ನಬೇಕು," ಎಂದೆ. ಬದಲಿಸಿದಳು. ಆಮೇಲೆ ಅದಕ್ಕೆ ಉತ್ತರ ಕೊಡುವ ಸಾಲುಗಳನ್ನು ನೋಡಿದೆ. ನನ್ನ ವಿಷಯದಲ್ಲಿ ಮಾತ್ರ ಅದು ಏನನ್ನೂ ಪರೀಕ್ಷಿಸದೆ ವಾರವಿಡೀ ಹೌದು ಎನ್ನುತ್ತಿತ್ತು.

"ಇದು ಸುಳ್ಳು ಹೇಳ್ತದಲ್ಲ! ಕೇಳಿದ ಮ್ಯಾಲೆ ಖರೇ ಹೇಳಬೇಕು."

"ಐ ನೋ," ಎಂದಳು, ತಲೆ ಎತ್ತದೆ. ನನ್ನೆದುರೇ ತಿದ್ದಿದಳು: ಶನಿವಾರ, ಭಾನುವಾರ ಹೌದು, ಉಳಿದ ದಿನ ಇಲ್ಲ. ನಾನು ಬೆನ್ನು ತಟ್ಟಿದೆ. ಎಂಥ ದಡ್ಡ ನಾನು.

ಮಂಗಳವಾರ ಹೆಂಡತಿ ಫೋನ್ ಮಾಡಿದಳು. "ಅಕಿ ಆ ಟ್ಯಾಬ್ಲೆಟ್ ಬೋರಲ ಹಾಕಿ ಇಟ್ಟಾಳ್ರೀ. ನಿಮ್ಮ ಹೆಸರಿನ ಮುಂದ ಕೆಂಪು ನೋಡ್ಲಿಕ್ಕೆ ಒಲ್ಲೆ ಅಂತಾಳ."

ಸಂಜೆ ಮಗಳಿಗೆ ಫೋನ್ ಮಾಡಿ, "ಮೊದಲಿದ್ದಂಗ ಮಾಡಿಬಿಡವ್ವಾ," ಎಂದು ಬೇಡಿಕೊಂಡೆ.

"ನೋ ಅಪ್ಪಾ. ನೀವೇ ಹೇಳಿದ್ರಿ, ನೋ ಲೈಯಿಂಗ್," ಎಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನದ ಮೀಟಿಂಗ್‌ಗಳನ್ನೆಲ್ಲ ಕ್ಯಾನ್ಸಲ್ ಮಾಡಿ ಕಾರು ಹತ್ತಿದೆ. ಮಗಳು ಬರುವ ಮೊದಲೇ ಮನೆ ಸೇರಿದೆ. ಶಾಲೆಯಿಂದ ಬಂದವಳು ಅಡುಗೆಮನೆಯಲ್ಲಿ ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ಬೆನ್ನ ಮೇಲಿನ ಬ್ಯಾಗು ಇಳಿಸದೆಯೇ ಹೋಗಿ ಟ್ಯಾಬ್ಲೆಟ್ ನೆಟ್ಟಗೆ ಮಾಡಿದಳು. ಬುಧವಾರ, ಆದ್ದರಿಂದ ನನ್ನ ಹೆಸರಿನ ಮುಂದೆ ಕೆಂಪು. ಅದನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಅಪ್ಪಾ, ಇಟ್ಸ್ ರಾಂಗ್!" ಎಂದು ನಗಲು ಹೋಗಿ ಅತ್ತೇಬಿಟ್ಟಳು.

ಅವಳನ್ನು ಬ್ಯಾಗಿನ ಸಮೇತ ಅಪ್ಪಿಕೊಂಡೆ. ನನ್ನ ಕಣ್ಣೂ ಒದ್ದೆಯಾಗಿತ್ತು.

"ಹೌದು, ತಪ್ಪದ," ಎಂದೆ. "ಇನ್ನು ಮ್ಯಾಲೆ ಬುಧವಾರನೂ ಹಸಿರು ಹಾಕವ್ವಾ. ನಾ ಬರ್ತೀನಿ."