ಮಂದಾಕಿನಿ ಅಕ್ಕೋರು ಕಾಲೇಜು ನೋಡಲು ಹೊರಟದ್ದು

ಹೈದರಾಬಾದಿನ ಕನ್ನಡ ಶಾಲೆಗಳ ಇತಿಹಾಸವನ್ನು ಯಾರಾದರೂ ಬರೆಯಲು ಕುಳಿತರೆ, ಅದರ ಗಣಿತದ ಅಧ್ಯಾಯ ಮಂದಾಕಿನಿ ಅಕ್ಕೋರ ಹೆಸರಿನಿಂದಲೇ ಆರಂಭವಾಗಬೇಕು. ಮಲ್ಕಾಜ್‌ಗಿರಿಯ ನಮ್ಮ ಪ್ರೌಢಶಾಲೆಗೆ ೧೯೮೪ರಲ್ಲಿ ಬಂದು, ಮೂವತ್ನಾಲ್ಕು ವರ್ಷ ಅದೇ ಕರಿಹಲಗೆಯ ಮುಂದೆ ನಿಂತು, ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ದುಡಿಯಲು ಬಂದವರ ಮಕ್ಕಳಿಗೆ ಬೀಜಗಣಿತದ ಭಯವನ್ನು ಬಿಡಿಸಿದವರು ಅವರು. ಬಿಡಿಸಲಾಗದವರಿಗೆ ತಮ್ಮ ಭಯವನ್ನಾದರೂ ಹಚ್ಚಿದವರು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುವುದು ವಾಡಿಕೆ. ಮಲ್ಕಾಜ್‌ಗಿರಿಯಲ್ಲಿ ಬರೀ ಅಕ್ಕೋರು ಎಂದರೆ ಇವರೊಬ್ಬರೇ.

ಅವರ ಪಾಠದ ಕ್ರಮವನ್ನು ಕುರಿತು ಬರೆಯಲು ಈ ಅಭಿನಂದನಾ ಸಂಪುಟದಲ್ಲಿ ನನಗಿಂತ ಯೋಗ್ಯರಿದ್ದಾರೆ. ನಾನು ಬರೆಯಹೊರಟಿರುವುದು ಅವರ ಸಂಬಳವಿಲ್ಲದ ಇನ್ನೊಂದು ಸೇವೆಯನ್ನು ಕುರಿತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮ ನಗರಕ್ಕೆ ಕಂಪ್ಯೂಟರಿನ ಜ್ವರ ಬಂದಿತ್ತು. ಊರಾಚೆಯ ಬಂಡೆಗಳ ನಡುವೆ ತಿಂಗಳಿಗೊಂದು ಎಂಜಿನಿಯರಿಂಗ್ ಕಾಲೇಜು ಏಳುತ್ತಿತ್ತು. ಗೋಡೆಗೆ ಸುಣ್ಣ ಬೀಳುವ ಮೊದಲೇ ಬಸ್ಸುಗಳ ಹಿಂದೆ ಜಾಹೀರಾತು ಬೀಳುತ್ತಿತ್ತು. ಓದು ಬರಹ ಹೆಚ್ಚಿಲ್ಲದ ನಮ್ಮ ತಂದೆತಾಯಿಯರಿಗೆ ಇವುಗಳಲ್ಲಿ ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ತಿಳಿಯುವ ಬಗೆಯಿರಲಿಲ್ಲ. ಆಗ ಅಕ್ಕೋರು ತಾವೇ ಒಂದು ಪದ್ಧತಿಯನ್ನು ಜಾರಿಗೆ ತಂದರು. ಕನ್ಯೆ ನೋಡಲು ಹೋಗುವಂತೆ ಕಾಲೇಜು ನೋಡಲು ಹೋಗುವುದು. ನಾಲ್ಕೈದು ಹಿರಿಯರು ಕೂಡಿ ಹೋಗಬೇಕು, ಮುಂಚೆ ತಿಳಿಸಬಾರದು, ಎಲ್ಲವನ್ನೂ ಕಣ್ಣಾರೆ ಕಾಣಬೇಕು, ಅಲ್ಲಿಯೇ ಮಾತು ಕೊಡದೆ "ಹೋಗಿ ತಿಳಸ್ತೀವ್ರಿ" ಎಂದು ಹೇಳಿ ಎದ್ದು ಬರಬೇಕು.

ನನಗೆ ಎಂಜಿನಿಯರಿಂಗ್ ಪ್ರವೇಶದ ಎಂಸೆಟ್ ಪರೀಕ್ಷೆಯಲ್ಲಿ ಹದಿನಾಲ್ಕು ಸಾವಿರದ ಚಿಲ್ಲರೆ ರ‍್ಯಾಂಕ್ ಬಂದದ್ದು ೨೦೦೦ನೇ ಇಸವಿಯಲ್ಲಿ. ಕೌನ್ಸೆಲಿಂಗಿಗೆ ಹೋಗಿ ಒಮ್ಮೆ ಕಾಲೇಜು ಆರಿಸಿ ಸಹಿ ಹಾಕಿದರೆ ನಾಲ್ಕು ವರ್ಷ ಅದೇ ಗತಿ. ನನ್ನ ತಂದೆ ಹುಲಗೇಶಪ್ಪನವರು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರಲ್ಲಿ ಕಾರ್ಮಿಕರು. ಅವರು ಬಸ್ಸಿನ ಹಿಂದೆ ಕಂಡ ಹೊಸ ಕಾಲೇಜೊಂದರ ಕಂಪ್ಯೂಟರ್ ಸೀಟನ್ನು ಮನಸ್ಸಿನಲ್ಲಿಯೇ ನಿಶ್ಚಯ ಮಾಡಿಬಿಟ್ಟಿದ್ದರು. ನನಗೆ ರಸಾಯನಶಾಸ್ತ್ರವೆಂದರೆ ಪ್ರಾಣ, ಕೆಮಿಕಲ್ ಎಂಜಿನಿಯರಿಂಗ್ ಓದುವ ಆಸೆ. ಆದರೆ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ ಮೊದಲಿಗರು ಅಕ್ಕೋರು. ಕೇಳಿ, ಹೂಂ ಎಂದಷ್ಟೇ ಹೇಳಿ, ಮೊದಲು ನಿಮ್ಮಪ್ಪ ಮೆಚ್ಚಿದ ಕನ್ಯೆಯನ್ನು ನೋಡಿ ಬರೋಣ ಎಂದರು.

ಹಾಗೆ ಒಂದು ಮಂಗಳವಾರ ನಮ್ಮ ದಂಡು ಹೊರಟಿತು. ಅಕ್ಕೋರು, ಅಪ್ಪ, ನಾನು, ನನ್ನ ಅಜ್ಜಿ ಬಂಡೆಮ್ಮ, ಪಕ್ಕದ ಮನೆಯ ಅಮರಯ್ಯ ಕಾಕಾ. ಕಾಕಾ ರೈಲ್ವೆಯಲ್ಲಿ ಗಾರ್ಡ್. ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದರಿಂದ ಬಿಳಿ ಕೋಟು, ಬಿಳಿ ಪ್ಯಾಂಟು, ಎದೆಯ ಮೇಲೆ ಹೆಸರಿನ ಪಟ್ಟಿ, ಎಲ್ಲವೂ ಹಾಗೆಯೇ ಇದ್ದವು. ಅಕ್ಕೋರ ಕೈಯಲ್ಲಿ ಉದ್ದನೆಯ ನೋಟ್‌ಬುಕ್ಕು, ಮೂಗಿನ ತುದಿಯಲ್ಲಿ ಕನ್ನಡಕ. ಆ ಕಾಲೇಜಿಗೆ ಮರುವಾರ ದಿಲ್ಲಿಯಿಂದ ತನಿಖಾ ತಂಡ ಬರುವುದಿತ್ತೆಂಬುದು ನಮಗೇನು ಗೊತ್ತು?

ಗೇಟಿನಲ್ಲಿ ಕಾಕಾನ ಬಿಳಿ ಕೋಟನ್ನು ಕಂಡ ಕಾವಲುಗಾರ ಸಲಾಮು ಹೊಡೆದು ಒಳಗೆ ಓಡಿದ. ಐದು ನಿಮಿಷದಲ್ಲಿ ಕಾಲೇಜಿನ ಚೇರ್ಮನ್ನರು ಬೆವರೊರೆಸಿಕೊಳ್ಳುತ್ತ ಬಂದು, ತಾವು ಒಂದು ವಾರ ಮೊದಲೇ ಬಂದಿರಲ್ಲ ಎಂದು ತೆಲುಗಿನಲ್ಲಿ ವಿನಯದಿಂದ ಕೇಳಿದರು. ಕಾಕಾ ತಮ್ಮ ಸರ್ವಿಸಿನಲ್ಲಿ ಹೊತ್ತಿಗೆ ಮುಂಚೆ ಮುಟ್ಟಿದ್ದಕ್ಕೆ ಈವರೆಗೆ ಯಾರೂ ತಕರಾರು ಮಾಡಿಲ್ಲವೆಂದು ಗಂಭೀರವಾಗಿ ಉತ್ತರಿಸಿದರು. ಚೇರ್ಮನ್ನರ ಮುಖ ಇನ್ನಷ್ಟು ಬಿಳಚಿತು. ನಮ್ಮನ್ನು ಏಸಿ ಕೋಣೆಯಲ್ಲಿ ಕೂರಿಸಿ, ಹಾರ ಹಾಕಿ, ಗೋಡಂಬಿ, ಬಾದಾಮಿ, ತಂಪು ಪಾನೀಯ ತಂದಿಟ್ಟರು. ಅಜ್ಜಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನೋಡಲು ಬಂದವರಿಗೆ ಇಷ್ಟಾದರೂ ಮಾಡದಿದ್ದರೆ ಹೇಗೆ ಎಂಬುದು ಆಕೆಯ ಭಾವನೆ. ಉಪ್ಪಿಟ್ಟು ಯಾಕಿಲ್ಲ ಎಂದು ನನ್ನ ಕಿವಿಯಲ್ಲಿ ಕೇಳಿದಳು. ಅಪ್ಪನಂತೂ ಮಗಳು ಓದುವ ಕಾಲೇಜಿನಲ್ಲಿ ಕಾರ್ಮಿಕನಿಗೆ ದೊರೆತ ಮರ್ಯಾದೆಗೆ ಕರಗಿಹೋಗಿದ್ದರು.

ಅಕ್ಕೋರು ಗೋಡಂಬಿ ಮುಟ್ಟಲಿಲ್ಲ. ಕಂಪ್ಯೂಟರ್ ಕೋಣೆ ತೋರಿಸಿ ಎಂದರು. ಅಲ್ಲಿ ನಲವತ್ತು ಯಂತ್ರಗಳು ನೀಲಿ ಬಟ್ಟೆ ಹೊದ್ದು ಸಾಲಾಗಿ ಕುಳಿತಿದ್ದವು. ಒಂದನ್ನು ಚಾಲೂ ಮಾಡಿ ಎಂದು ಅಕ್ಕೋರು ಹೇಳಿದಾಗ, ಕರೆಂಟಿನ ತೊಂದರೆಯೆಂದು ಚೇರ್ಮನ್ನರು ಫ್ಯಾನು ತಿರುಗುತ್ತಿದ್ದ ಕೋಣೆಯಲ್ಲಿಯೇ ನಿಂತು ವಿವರಿಸಿದರು. ಅಷ್ಟರಲ್ಲಿ ಅಜ್ಜಿ ಒಂದರ ಮುಸುಕು ಎತ್ತಿ ಹಿಂದೆ ಮುಂದೆ ನೋಡಿ, ಇದಕ್ಕೆ ವೈರೇ ಇಲ್ಲವಲ್ಲ ಎಂದಳು. ಅಲ್ಲಿದ್ದ ನಲವತ್ತರಲ್ಲಿ ವೈರು ಇದ್ದವು ಎರಡು.

ಈ ವಿಷಯಕ್ಕೆ ಸಮಾಧಾನ ಹೇಳಲು ವಿಭಾಗದ ಮುಖ್ಯಸ್ಥರನ್ನು ಕರೆಸಲಾಯಿತು. ಕೋಟು, ಟೈ ತೊಟ್ಟ ಪ್ರೊಫೆಸರರು ಠೀವಿಯಿಂದ ಬಂದವರು, ಅಕ್ಕೋರ ಮುಖ ಕಂಡೊಡನೆ ನಿಂತಲ್ಲಿಯೇ ಕುಗ್ಗಿ, ಬಾಗಿ ಅವರ ಕಾಲಿಗೆ ಬಿದ್ದರು. ನೋಡಿದರೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ ಮಲ್ಲು, ನಾಚಾರಂನಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು.

"ತಪ್ಪಾತ್ರಿ ಅಕ್ಕೋರ. ಮುಂದಿನ ವಾರದ ಸಲುವಾಗಿ ಇವತ್ತು ತಾಲೀಮು ಇತ್ರಿ. ನಾ ಇಲ್ಲಿ ಎರಡ ದಿನದ ಪ್ರೊಫೆಸರ್ ಅದೀನ್ರಿ" ಎಂದ.

ಅಕ್ಕೋರು ಅವನನ್ನು ಬೈಯಲಿಲ್ಲ. ತ್ರಿಕೋನಮಿತಿಯಲ್ಲಿ ಮೂರು ಸಲ ಕುಳಿತು ಪಾಸಾದವನು ಪ್ರೊಫೆಸರಾದದ್ದು ನೋಡಿ ಸಂತೋಷವಾಯಿತೆಂದು ಹೇಳಿ, ನೋಟ್‌ಬುಕ್ಕು ಮುಚ್ಚಿದರು. ಅಮರಯ್ಯ ಕಾಕಾ ಪದ್ಧತಿ ಬಿಡದೆ ಚೇರ್ಮನ್ನರಿಗೆ ಕೈಮುಗಿದು, ಹೋಗಿ ತಿಳಿಸುತ್ತೇವೆ ಎಂದರು. ಎಲ್ಲಿಗೆ ತಿಳಿಸುತ್ತಾರೋ ಎಂದು ಆ ಮಹನೀಯರು ಎಷ್ಟು ದಿನ ಊಟ ಬಿಟ್ಟರೋ ನಮಗೆ ತಿಳಿಯದು. ಆ ಕಟ್ಟಡದಲ್ಲಿ ಈಗ ಫಂಕ್ಷನ್ ಹಾಲ್ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ.

ಇಲ್ಲಿಗೆ ನನ್ನ ದಾರಿ ಸುಗಮವಾಯಿತೆಂದು ನಾನು ತಿಳಿದಿದ್ದೆ. ಆಗಲಿಲ್ಲ. ಬಸ್ಸಿನಲ್ಲಿ ಅಪ್ಪ, ಈ ಕಾಲೇಜು ಬೇಡವಾದರೆ ಬೇರೆ ಕಾಲೇಜು, ಆದರೆ ಸೀಟು ಮಾತ್ರ ಕಂಪ್ಯೂಟರಿನದೇ ಎಂದರು. ಹುಡುಗಿಗೆ ಕೆಮಿಕಲ್ ಮೇಲೆ ಮನಸ್ಸಿದೆ ಎಂದು ಅಕ್ಕೋರು ಆಗ ಬಾಯಿಬಿಟ್ಟು ಹೇಳಿದರು. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿ, ನಾನು ಅದುವರೆಗೆ ಕೇಳಿರದ ದನಿಯಲ್ಲಿ ಹೇಳಿದರು:

"ಅಕ್ಕೋರ, ಹದಿನಾರು ವರ್ಷ ಆತ್ರಿ ಪಟಾನ್‌ಚೆರುವಿಗೆ ಹೋಗಿ ಬಂದು ಮಾಡಾಕತ್ತು. ಎಷ್ಟ ಸಾಬೂನು ಹಚ್ಚಿ ಜಳಕಾ ಮಾಡಿದ್ರೂ ಈಕಿ ಸಣ್ಣಾಕಿದ್ದಾಗ ನನ್ನ ತೊಡಿ ಮ್ಯಾಲ ಕುಂದರ್ತಿದ್ದಿಲ್ಲ. ವಾಸನಿ ಬರ್ತೈತಿ ಅಂತ ಓಡ್ತಿದ್ಲು. ಈಗ ಅದನ್ನ ಓದ್ತೀನಿ ಅಂತಾಳ."

ನನಗೆ ಅದು ನೆನಪಿರಲಿಲ್ಲ. ಅಪ್ಪ ಅದನ್ನು ಅಷ್ಟು ವರ್ಷ ಇಟ್ಟುಕೊಂಡಿದ್ದರೆಂದು ತಿಳಿದು ನಾಚಿಕೆಯಿಂದ ತಲೆ ತಗ್ಗಿಸಿದೆ. ಆ ಕ್ಷಣದಲ್ಲಿ ಅವರು ಯಾವ ಸೀಟು ಕೇಳಿದ್ದರೂ ಒಪ್ಪಿಬಿಡುತ್ತಿದ್ದೆ.

"ಆ ವಾಸನಿ ಯಾಕ ಬರ್ತೈತಿ ಅಂತ ಕೇಳೋ ಅಧಿಕಾರ ನಿಮಗ ಯಾರೂ ಕೊಡಲಿಲ್ಲ ಹುಲಗೇಶಪ್ಪ" ಎಂದರು ಅಕ್ಕೋರು. "ಈಕಿ ಕೇಳ್ತೀನಿ ಅನ್ನಾಕತ್ತಾಳ. ಕೇಳ್ಲಿ ಬಿಡ್ರಿ. ಏನಾದ್ರೂ ಹೆಚ್ಚುಕಮ್ಮಿ ಆದ್ರ ನನ್ನ ಕಡೆ ಬರ್ರಿ."

ಕೌನ್ಸೆಲಿಂಗಿನಲ್ಲಿ ಅಭ್ಯರ್ಥಿಯ ಜೊತೆ ಒಬ್ಬರಿಗಷ್ಟೇ ಪ್ರವೇಶ. ಅಕ್ಕೋರು ಗೇಟಿನ ಹೊರಗೆ ನಿಂತರು. ನನ್ನ ಸರದಿ ಬಂದಾಗ ಕಂಪ್ಯೂಟರಿನ ಸೀಟುಗಳೂ ಇದ್ದವು, ಹಳೆಯ ಕಾಲೇಜೊಂದರಲ್ಲಿ ಕೆಮಿಕಲ್ ಕೂಡ ಇತ್ತು. ನಾನು ಅಪ್ಪನ ಮುಖ ನೋಡಿದೆ. ಅಲ್ಲಿ ಕುಳಿತಿದ್ದ ಅಧಿಕಾರಿ ಅಪ್ಪನನ್ನು ಕೇಳಿದರು. ಅಪ್ಪ ತಮ್ಮ ಹರಕು ತೆಲುಗಿನಲ್ಲಿ ಕೆಮಿಕಲ್ ಎಂದರು. ಕಂಪ್ಯೂಟರ್ ಸಿಗುವಾಗ ಇದನ್ನೇಕೆ ಎಂದು ಅಧಿಕಾರಿ ಎರಡು ಸಲ ಕೇಳಿದರು. ಅಪ್ಪ ಎರಡು ಸಲವೂ ಅದೇ ಉತ್ತರ ಕೊಟ್ಟು, ಸಹಿ ಹಾಕಿ, ಹೊರಗೆ ಬಂದು ನಾಲ್ಕು ದಿನ ಯಾರೊಡನೆಯೂ ಮಾತಾಡಲಿಲ್ಲ.

ಇಂಥ ಲೇಖನಗಳಲ್ಲಿ ಮುಂದೆ ಎಲ್ಲವೂ ಒಳ್ಳೆಯದಾಗಬೇಕು. ನಿಜ ಹೇಳಬೇಕೆಂದರೆ, ೨೦೦೪ರಲ್ಲಿ ನಾನು ಪದವಿ ಪಡೆದು ಹೊರಬಂದಾಗ ಕಂಪ್ಯೂಟರ್ ಓದಿದ ಅಮರಯ್ಯ ಕಾಕಾನ ಮಗ ವಿಜಯಕುಮಾರ ಮೋಟಾರ್‌ಸೈಕಲ್ ಕೊಂಡಿದ್ದ, ನಾನು ಹದಿನಾಲ್ಕು ತಿಂಗಳು ಮನೆಯಲ್ಲಿ ಕುಳಿತಿದ್ದೆ. ಅಪ್ಪ ಒಂದು ದಿನವೂ ಆಡಿ ತೋರಿಸಲಿಲ್ಲ. ಆಮೇಲೆ ಪಟಾನ್‌ಚೆರುವಿನಲ್ಲಿಯೇ, ಕಾರ್ಖಾನೆಗಳ ಕೊಳಕು ನೀರನ್ನು ಶುದ್ಧ ಮಾಡುವ ಘಟಕದಲ್ಲಿ ಕೆಲಸ ಸಿಕ್ಕಿತು. ಇಂದಿಗೂ ಅದೇ ಕ್ಷೇತ್ರದಲ್ಲಿದ್ದೇನೆ, ಸುಖವಾಗಿದ್ದೇನೆ.

ಈ ಲೇಖನ ಬರೆಯುವ ಮುನ್ನ ಅಕ್ಕೋರ ಮನೆಗೆ ಹೋಗಿದ್ದೆ. ಆ ದಿನ ಬಸ್ಸಿನಲ್ಲಿ ಅಷ್ಟು ಖಾತ್ರಿಯಿಂದ ಹೇಗೆ ಹೇಳಿದಿರಿ ಎಂದು ಕೇಳಿದೆ. ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಖಾತ್ರಿ ಎಲ್ಲಿತ್ತವಾ? ನಿನಗ ನೌಕರಿ ಸಿಗೂತನಕ ನಿಮ್ಮಪ್ಪ ಎದುರಿಗೆ ಬಂದ್ರ ಸಾಕು, ನಾ ಗಲ್ಲಿ ಬದಲಿ ಮಾಡ್ತಿದ್ದೆ. ಹದಿನಾಕ ತಿಂಗಳು ಸಾಲಿಗೆ ಸುತ್ತಹಾಕಿ ಹೋಗೀನಿ."

ನಾನು ನಕ್ಕೆ, ಆಮೇಲೆ ನಗಲಾಗಲಿಲ್ಲ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ತಮಗೆ ಅದು ಗೊತ್ತಿತ್ತೆಂದರು. ಅಕ್ಕೋರು ಸುತ್ತಿ ಹೋಗುವುದನ್ನು ಕಂಡಮೇಲೆ, ಅವರಿಗೆ ದಾರಿ ಬಿಡಲೆಂದು ತಾವೂ ಅರ್ಧ ಗಂಟೆ ಮೊದಲಿನ ಬಸ್ಸು ಹಿಡಿಯುತ್ತಿದ್ದರಂತೆ.

ಇಂಥ ಗುರುಗಳು ನೂರು ವರ್ಷ ಆರೋಗ್ಯದಿಂದ ಬಾಳಲಿ, ನಿವೃತ್ತಿಯ ನಂತರವೂ ನಮ್ಮ ಮಕ್ಕಳಿಗಾಗಿ ಇನ್ನೂ ಅನೇಕ ಕಾಲೇಜುಗಳನ್ನು ನೋಡಿ ಬೇಡವೆನ್ನಲಿ, ಮಲ್ಕಾಜ್‌ಗಿರಿಯ ನಡುಬೀದಿಯಲ್ಲಿ ಯಾರನ್ನೂ ತಪ್ಪಿಸದೆ ನೇರವಾಗಿ ನಡೆಯಲಿ. ಎದುರಿಗೆ ನನ್ನ ತಂದೆ ಬರುತ್ತಾರೆ. ಇಬ್ಬರೂ ನಿಂತು ಎರಡು ಮಾತಾಡಲಿ.