ಬಿಚ್ಚಲೆಂದೇ ಕಟ್ಟುವ ಗೋಡೆ

ನನ್ನ ಮೊಮ್ಮಗಳು, ಇಂಜಿನಿಯರ್ ಸುಮಾ, ಬರೆದ ನಕ್ಷೆಯನ್ನು ಅವಳ ಆಫೀಸಿನ ಸಾಹೇಬರು ಇವತ್ತು ಒಪ್ಪಿದರು. ಹೊಸ ಏರ್‌ಪೋರ್ಟ್ ಕಟ್ಟುವ ಜಾಗದಲ್ಲಿ, ಅವರ ಆಫೀಸ್ ಶೆಡ್ಡಿನ ಹೊರಗೆ, ಅವಳಿಗೂ ನನಗೂ ತಂದ ಊಟದ ಡಬ್ಬಿ ಹಿಡಿದು ಕೂತಿದ್ದೆ. ಅವಳು ಓಡಿಬಂದು ನಕ್ಷೆ ಹರಡಿದಳು. ಒಂದು ಕಡೆಯ ಗೋಡೆ ಬರೀ ತಗಡು.

"ಯಾಕವ್ವಾ, ಇಟ್ಟಿಗೆ ಸಾಲ್ಲಿಲ್ವಾ?" ಎಂದೆ. ಗಾರೆ ಕೆಲಸದವನಲ್ಲವೇ ನಾನು.

"ಜನ ಹೆಚ್ಚಾದಾಗ ಈ ಗೋಡೆ ಬಿಚ್ಚಿ ಕಟ್ಟಡ ಬೆಳೆಸ್ಬೋದು ತಾತ. ಏನೂ ಒಡೆಯೋದು ಬೇಡ, ತಗಡೂ ದಂಡವಾಗಲ್ಲ. ಅದೆಲ್ಲ ಈಗ್ಲೇ ಯಾಕೆ ಅಂತಿದ್ರು ಸಾಹೇಬ್ರು. ಮುಂದೆ ಮಹಡಿ ಕಟ್ಟೋಕೆ ಅಂತ ನೀನು ನಮ್ಮನೆ ತಾರಸಿ ಮೇಲೆ ಬಿಟ್ಟಿರೋ ಕಂಬಿ ಫೋಟೊ ತೋರಿಸ್ದೆ."

ಸಾಹೇಬರೇ ಆಚೆ ಬಂದು, "ಕಂಬಿ ತಾತ ನೀವೇನಾ?" ಎಂದು ನನ್ನ ಒರಟು ಕೈ ಹಿಡಿದರು. ಡಬ್ಬಿ ಬಿಚ್ಚುವ ಮೊದಲೇ ಹೊಟ್ಟೆ ತುಂಬಿತು.

ಸಂಜೆ ಕುಮಾರಸ್ವಾಮಿ ಲೇಔಟಿನ ನಮ್ಮ ತಾರಸಿಯಲ್ಲಿ, ಆ ತುಕ್ಕು ಕಂಬಿಗಳ ನಡುವೆ, ಮನೆಯವರೆಲ್ಲ ಮುದ್ದೆ ಬಸ್ಸಾರು ಉಂಡೆವು. ಸುಮಾ ತನ್ನ ಹಳದಿ ಹೆಲ್ಮೆಟ್ಟನ್ನು ಒಂದು ಕಂಬಿಗೆ ನೇತುಹಾಕಿದ್ದಳು.